ನಿಂತಲ್ಲೇ ಕಾರಿನ ಆರ್‌ಪಿಎಂ ಏರಿ ಇಳೀತಾ ಇದ್ರೆ ಥ್ರಾಟಲ್ ಬಾಡಿ ಬದಲಾಯಿಸ್ಬೇಕಾ?

ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕು, ಎಂಜಿನ್ ಬಿಸಿ ಆದ್ಮೇಲೆ ಸಿಗ್ನಲ್ಲಲ್ಲಿ ನಿಂತ್ರೆ ಮುಳ್ಳು 900ರಿಂದ 1800ಕ್ಕೆ ಹೋಗತ್ತೆ, ದಬಕ್ ಅಂತ ಬೀಳತ್ತೆ, ಮತ್ತೆ ಏರತ್ತೆ, ಗ್ಯಾರೇಜಲ್ಲಿ ಥ್ರಾಟಲ್ ಬಾಡಿನೇ (ಎಂಜಿನ್ನಿಗೆ ಎಷ್ಟು ಗಾಳಿ ಹೋಗ್ಬೇಕು ಅಂತ ತೆರೆದು ಮುಚ್ಚೋ ಭಾಗ) ಹೋಗಿದೆ ಅಂದಿದಾರೆ, ಹಾಕಿಸ್ಲಾ ಅಂತ ಕೇಳಿದೀರಿ. ದಯವಿಟ್ಟು ಈಗ್ಲೇ ಹಾಕಿಸ್ಬೇಡಿ. ಮೊದ್ಲು ಎಲ್ಲಾದ್ರೂ ಗಾಳಿ ಕಳ್ಳದಾರಿಲಿ ಒಳಗೆ ಹೋಗ್ತಿದ್ಯಾ ನೋಡಿ.

ನನ್ನ 2008ರ ಗಾಡಿಗೂ ಥೇಟ್ ಇದೇ ಆಗಿತ್ತು. ಕೇಬಲ್ ಥ್ರಾಟಲ್, ಒಳಗೆ ಹೋಗೋ ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರೋ ಎಂಜಿನ್ನು. ಪ್ಲಗ್ ಬದ್ಲಾಯಿಸ್ದೆ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸ್ದೆ, ಐಡಲ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡೋಕೆ ಬೇಕಾದ ಗಾಳಿ ಬಿಡೋದು) ಹೊಸದು ಹಾಕಿಸ್ದೆ, ನಾಲ್ಕೂವರೆ ಸಾವಿರ ಹೋಯ್ತು, ಮುಳ್ಳು ಮಾತ್ರ ಜೋಕಾಲಿ ಆಡೋದು ಬಿಡ್ಲಿಲ್ಲ. ಕೊನೆಗೆ ಸಿಕ್ಕಿದ್ದು ಪಿಸಿವಿ ಹೋಸು, ಅಂದ್ರೆ ಎಂಜಿನ್ ತಲೆ ಮೇಲಿನ ಕವರಿಂದ ಇಂಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆಗೆ) ಹೋಗೋ ಗೇಣುದ್ದದ ರಬ್ಬರ್ ಪೈಪು, ಅದು ಬಾಗೋ ಜಾಗದಲ್ಲಿ ಅಡಿಭಾಗಕ್ಕೆ ಸೀಳಿತ್ತು. ಮೇಲಿಂದ ನೋಡಿದ್ರೆ ಚೆನ್ನಾಗೇ ಇತ್ತು, ಬೆರಳು ಹಾಕಿ ಕೆಳಗಡೆ ತಡವಿದಾಗ್ಲೇ ಗೊತ್ತಾಗಿದ್ದು.

ಯಾಕೆ ಹಿಂಗೆ ಜೋಕಾಲಿ ಆಡತ್ತೆ ಅನ್ನೋದು ಗೊತ್ತಿದ್ರೆ ಹುಡುಕೋದು ಸುಲಭ. ಸೀಳಿದ ಕಡೆಯಿಂದ ಗಾಳಿ ಜಾಸ್ತಿ ಬರತ್ತೆ, ಮ್ಯಾಪ್ ಸೆನ್ಸರಿಗೆ ಮ್ಯಾನಿಫೋಲ್ಡಲ್ಲಿ ಒತ್ತಡ ಜಾಸ್ತಿ ಕಾಣ್ಸತ್ತೆ, ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ರು, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಕೊಡತ್ತೆ, ಆರ್‌ಪಿಎಂ ಏರತ್ತೆ. ಐಡಲ್ ವಾಲ್ವನ್ನ ಪೂರ್ತಿ ಮುಚ್ಚಿದ್ರೂ ಇಳಿಯಲ್ಲ, ಯಾಕಂದ್ರೆ ಗಾಳಿ ಬರ್ತಿರೋದು ಆ ದಾರಿಲೇ ಅಲ್ವಲ್ಲ. ಆಗ ಇಸಿಯು ನೋಡತ್ತೆ, ಆಕ್ಸಿಲರೇಟರ್ ಬಿಟ್ಟಿದಾರೆ, ಆರ್‌ಪಿಎಂ ಮೇಲಿದೆ, ಅಂದ್ರೆ ಗಾಡಿ ಇಳಿಜಾರಲ್ಲಿ ಹೋಗ್ತಿರ್ಬೇಕು ಅಂತ ಪೆಟ್ರೋಲನ್ನೇ ನಿಲ್ಲಿಸ್ಬಿಡತ್ತೆ. ಮುಳ್ಳು ಬೀಳತ್ತೆ, ಬಿದ್ದ ತಕ್ಷಣ ಮತ್ತೆ ಪೆಟ್ರೋಲ್ ಬಿಡತ್ತೆ, ಮತ್ತೆ ಏರತ್ತೆ. ತಾಳ ಹಾಕ್ದಂಗೆ ಒಂದೇ ಲೆಕ್ಕದಲ್ಲಿ ಏರಿಳಿತ ಇದ್ರೆ ನನ್ನ ಮೊದಲ ಅನುಮಾನ ಯಾವಾಗ್ಲೂ ಗಾಳಿ ಮೇಲೆನೇ.

ಹುಡುಕೋದು ಹೀಗೆ. ಗಾಡಿ ನ್ಯೂಟ್ರಲ್ಲಲ್ಲಿ, ಹ್ಯಾಂಡ್‌ಬ್ರೇಕ್ ಎಳ್ದು, ಫ್ಯಾನು ಬೆಲ್ಟಿಂದ ಕೈ, ಬಟ್ಟೆ ದೂರ ಇಟ್ಕೊಂಡು ಸ್ಟಾರ್ಟಲ್ಲಿ ಬಿಡಿ. ಸುಯ್ ಅನ್ನೋ ಸದ್ದು ಕೇಳ್ಸತ್ತಾ ಕಿವಿಗೊಟ್ಟು ಕೇಳಿ. ಆಮೇಲೆ ಮ್ಯಾನಿಫೋಲ್ಡಿಗೆ ಸೇರೋ ಒಂದೊಂದೇ ಹೋಸನ್ನ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಅದುಮಿ. ಯಾವುದನ್ನ ಅದುಮಿದಾಗ ಮುಳ್ಳು ಇಳ್ದು ನಿಲ್ಲತ್ತೋ ದೋಷ ಆ ದಾರಿಲಿ. ಬ್ರೇಕ್ ಬೂಸ್ಟರಿಗೆ (ಬ್ರೇಕ್ ಒತ್ತೋದನ್ನ ಹಗುರ ಮಾಡೋ ಡಬ್ಬಿಗೆ) ಹೋಗೋ ದಪ್ಪ ಪೈಪನ್ನ ಮರೀಬೇಡಿ, ಬ್ರೇಕ್ ಒತ್ತಿದಾಗ್ಲೇ ಐಡ್ಲಿಂಗ್ ಬದ್ಲಾದ್ರೆ ಅಥವಾ ಪೆಡಲ್ ಗಟ್ಟಿ ಆಗಿದ್ರೆ ಅದನ್ನ ಅವತ್ತೇ ತೋರ್ಸಿ, ಅದು ಬರೀ ಐಡ್ಲಿಂಗ್ ವಿಷಯ ಅಲ್ಲ. ಮನೆ ಹತ್ರ ಇಲಿ ಕಾಟ ಇದ್ರೆ ಸಣ್ಣ ವ್ಯಾಕ್ಯೂಮ್ ಪೈಪುಗಳಲ್ಲಿ ಹಲ್ಲಿನ ಗುರುತು ಇದ್ಯಾ ನೋಡಿ, ತೋಟದ ಮನೆ ಶೆಡ್ಡಲ್ಲಿ ನಿಲ್ಸೋ ಗಾಡಿಗಳಲ್ಲಿ ಇದು ತುಂಬಾ ಕಂಡಿದೀನಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ರೆ ಜೋಡಣೆ ಜಾಗಕ್ಕೆ ಗಿಡಕ್ಕೆ ಹೊಡಿಯೋ ಸ್ಪ್ರೇಯರಲ್ಲಿ ನೀರನ್ನ ಮಂಜಿನ ಹಾಗೆ ಸ್ವಲ್ಪ ಹೊಡೀರಿ, ಇಗ್ನಿಷನ್ ಕಾಯಿಲ್ ಕಡೆ ಹೋಗದಂಗೆ. ಹೊಡೆದಾಗ ಐಡ್ಲಿಂಗ್ ಬದ್ಲಾದ್ರೆ ಸೋರಿಕೆ ಅಲ್ಲೇ. ಕಾರ್ಬ್ ಕ್ಲೀನರ್ (ಬೇಗ ಬೆಂಕಿ ಹತ್ತೋ ಕ್ಲೀನಿಂಗ್ ಸ್ಪ್ರೇ) ಹೊಡೆದು ನೋಡು ಅಂತ ಸುಮಾರು ಜನ ಹೇಳ್ತಾರೆ, ನಾನು ಹೇಳಲ್ಲ, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್ ಇರತ್ತೆ, ಬೆಂಕಿ ಹತ್ಬಹುದು.

ಇನ್ನೊಂದು, ಯಾರಾದ್ರೂ ಥ್ರಾಟಲ್ ಬಾಡಿ ಮೇಲಿನ ಸ್ಟಾಪ್ ಸ್ಕ್ರೂ ತಿರುಗಿಸಿ ಸರಿ ಮಾಡ್ಕೊಡ್ತೀನಿ ಅಂದ್ರೆ ಬಿಡ್ಬೇಡಿ. ಅದು ಐಡ್ಲಿಂಗ್ ಅಡ್ಜಸ್ಟ್ ಮಾಡೋಕೆ ಇರೋದಲ್ಲ, ಅದನ್ನ ತಿರುಗಿಸಿದ್ರೆ ಥ್ರಾಟಲ್ ಮುಚ್ಚಿದೆ ಅಂತ ಸೆನ್ಸರ್ ಹೇಳೋದೇ ತಪ್ಪಾಗ್ಬಹುದು, ಆಮೇಲೆ ನಿಜವಾದ ದೋಷ ಯಾವ್ದು, ಸ್ಕ್ರೂ ಮಾಡಿದ್ದು ಯಾವ್ದು ಅಂತ ಬೇರ್ಪಡಿಸೋದೇ ಕಷ್ಟ.

ಗಾಳಿ ಸೋರಿಕೆ ಇಲ್ಲ ಅಂತ ಖಾತ್ರಿ ಆದ್ರೆ ಲಕ್ಷಣ ನೋಡಿ. ತಾಳ ಇಲ್ದೆ ಎಂಜಿನ್ ಎಡವಿದಂಗೆ ನಡುಗ್ತಿದ್ರೆ ಒಂದು ಸಿಲಿಂಡರ್ ಸರಿ ಉರೀತಿಲ್ಲ ಅಂತ, ಪ್ಲಗ್ಗು, ಕಾಯಿಲ್ಲು, ಇಂಜೆಕ್ಟರ್ ನೋಡ್ಬೇಕು. ಎಸಿ ಹಾಕಿದಾಗ ಮಾತ್ರ ಬಿದ್ದು ಆಫ್ ಆಗ್ತಿದ್ರೆ ಹೆಚ್ಚಾಗಿ ಥ್ರಾಟಲ್ ಅಂಚಲ್ಲಿ, ಐಡಲ್ ವಾಲ್ವ್ ದಾರಿಲಿ ಮಸಿ ಕಟ್ಟಿರತ್ತೆ, ಕ್ಲೀನಿಂಗೇ ಸಾಕಾಗ್ಬಹುದು. ಬಿಸಿ ಆದ್ಮೇಲೂ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಇದ್ರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಎಂಜಿನ್ ಇನ್ನೂ ತಣ್ಣಗಿದೆ ಅಂತ ಸುಳ್ಳು ಹೇಳ್ತಿರಬಹುದು. ಓಬಿಡಿ ಸ್ಕ್ಯಾನರ್ (ಇಸಿಯು ಗುರುತಿಟ್ಟ ದೋಷದ ಕೋಡ್ ಓದೋ ಸಾಧನ) ಸಿಕ್ರೆ ಕೋಡ್ ಓದಿಸಿ. ಪಿ0507 ಬಂದ್ರೆ ಐಡ್ಲಿಂಗ್ ಇರ್ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತಷ್ಟೇ, ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳಲ್ಲ. ಕೋಡ್ ಬಂತು ಅಂತ ವಾಲ್ವ್ ಬದ್ಲಾಯಿಸಿದ್ದೇ ನಾನು ಮಾಡಿದ ತಪ್ಪು.

ಹೋಸೇ ಅಂತ ಆದ್ರೆ ಅದೇ ಅಚ್ಚಿನದ್ದು ತರ್ಸಿ, ಸಾದಾ ನೀರಿನ ರಬ್ಬರ್ ಪೈಪ್ ಕತ್ತರಿಸಿ ಹಾಕ್ಬೇಡಿ, ಆಯಿಲ್ ಆವಿಗೆ ಅದು ಉಬ್ಬಿ ಮೆತ್ತಗಾಗಿ ಒಳಗೇ ಅಂಟ್ಕೊಳತ್ತೆ. ನನಗೆ ಹೊಸ ಹೋಸು, ಎರಡು ಕ್ಲಿಪ್ಪು ಸೇರಿ ಇನ್ನೂರು ಚಿಲ್ರೆ ಆಯ್ತು, ಹಾಕೋಕೆ ಹತ್ತು ನಿಮಿಷ. ಸ್ಟಾರ್ಟ್ ಮಾಡಿ ಬಿಸಿ ಆಗೋ ತನಕ ಬಿಟ್ಟೆ, ಮುಳ್ಳು 850ರ ಹತ್ರ ಬಂದು ಕೂತ್ಕೊಳ್ತು, ಎಸಿ ಹಾಕಿದೆ, ಚೂರು ಏರಿ ಅಲ್ಲೇ ನಿಲ್ತು.