ಗ್ಯಾರೇಜ್ ಮಾತು: ಮೂರು ಕೋಡ್, ಒಂದೇ ವೈರ್

ಪ್ರಶ್ನೆ: ಎಂಟು ತಿಂಗಳ ಹಿಂದೆ 2014ರ ಸ್ವಿಫ್ಟ್ ಡಿಸೈರ್ ಡೀಸೆಲ್ ಗಾಡಿ ತೆಗೆದುಕೊಂಡೆ. ಹಳೇ ಎಂಜಿನ್ ಬಿಸಿಯಾಗಿ ಕೆಟ್ಟಮೇಲೆ ಹಿಂದಿನ ಓನರ್ ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸಿದ್ದಾರಂತೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಶಿರಾಡಿ ಘಾಟಿಯಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಎಂಜಿನ್ ಲೈಟ್ ಹತ್ತಿ ಪಿಕಪ್ ಸತ್ತುಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಸ್ಕ್ಯಾನರಿನಲ್ಲಿ ಪಿ-0193, ಪಿ-0238, ಪಿ-0113 ಬರುತ್ತವೆ. ರೈಲ್ ಪ್ರೆಷರ್ ಸೆನ್ಸರ್, ಬೂಸ್ಟ್ ಸೆನ್ಸರ್ ಎರಡೂ ಹೊಸದು ಹಾಕಿಸಿದೆ, 11 ಸಾವಿರ ಹೋಯಿತು. ಈಗ ಮೆಕ್ಯಾನಿಕ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸೋಣ ಅನ್ನುತ್ತಿದ್ದಾರೆ. ಮಾಡಿಸಲೇ?
– ಓದುಗರು, ಹಾಸನ

ಉತ್ತರ: ಬೇಡ. ಸದ್ಯಕ್ಕೆ ಪರ್ಸ್ ಮುಚ್ಚಿಡಿ.

ಮೂರೂ ಕೋಡನ್ನು ಒಂದು ಚೀಟಿಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. 0193 ಅಂದರೆ ರೈಲ್ (ಡೀಸೆಲ್ ಭಾರೀ ಒತ್ತಡದಲ್ಲಿ ತುಂಬಿರುವ ಕೊಳವೆ) ಪ್ರೆಷರ್ ಸೆನ್ಸರಿನ ಸಿಗ್ನಲ್ ಜಾಸ್ತಿ. 0238 ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರಿನ ಸಿಗ್ನಲ್ ಜಾಸ್ತಿ. 0113 ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಸಿಗ್ನಲ್ ಜಾಸ್ತಿ. ಮೂರೂ 'ಜಾಸ್ತಿ', ಒಂದಾದರೂ 'ಕಮ್ಮಿ' ಇಲ್ಲ. ಮೂರು ಸೆನ್ಸರ್ ಒಂದೇ ಗುಂಡಿಗೆ ಒಟ್ಟಿಗೆ ಕೆಟ್ಟು, ಕೀ ತಿರುಗಿಸಿದ ತಕ್ಷಣ ಒಟ್ಟಿಗೆ ಹುಷಾರಾಗುತ್ತವಾ? ಆಗುವುದಿಲ್ಲ, ಅಲ್ವಾ? ಹಾಗಾದರೆ ಮೂರಕ್ಕೂ ಸೇರಿದ ಯಾವುದೋ ಒಂದು ವಸ್ತು ಅಲ್ಲಾಡುತ್ತಿದೆ.

ಅದು ಸೆನ್ಸರುಗಳ ಅರ್ಥ್ ವೈರ್ ಎಂದು ನನ್ನ ಅನುಮಾನ. ಇಸಿಯು ಈ ಸೆನ್ಸರುಗಳಿಗೆ 5 ವೋಲ್ಟ್ ಕಳಿಸುತ್ತದೆ. ಕೆಲಸ ಮುಗಿಸಿದ ಕರೆಂಟು ಅರ್ಥ್ ವೈರಿನಲ್ಲಿ ವಾಪಸ್ ಇಸಿಯುಗೆ ಬರುತ್ತದೆ. ಆ ವೈರ್ ಬಿಟ್ಟುಕೊಂಡರೆ ತೂಬು ಮುಚ್ಚಿದ ಕೆರೆಯ ಹಾಗೆ, ವೋಲ್ಟೇಜ್ ಇಳಿಯಲು ದಾರಿಯೇ ಇಲ್ಲದೆ ಮೇಲೇ ನಿಂತುಬಿಡುತ್ತದೆ. ರೈಲಿನಲ್ಲಿ ಪ್ರೆಷರ್ ಆಕಾಶಕ್ಕೇರಿದೆ ಎಂದು ಇಸಿಯು ಹೆದರಿ ಪವರ್ ಕಟ್ ಮಾಡುತ್ತದೆ. 5 ವೋಲ್ಟಿನ ವೈರೇ ತುಂಡಾಗಿದ್ದರೆ ಸಾಮಾನ್ಯವಾಗಿ ಮೊದಲ ಎರಡು ಕೋಡು 'ಕಮ್ಮಿ' ಎಂದು ಬರುತ್ತಿದ್ದವು. ಟೆಂಪರೇಚರ್ ಸೆನ್ಸರಿಗೆ ಪ್ರತ್ಯೇಕ 5 ವೋಲ್ಟಿನ ವೈರೇ ಇಲ್ಲ, ಅದು ತಲೆ ಕೆಡಿಸಿಕೊಳ್ಳುತ್ತಲೇ ಇರಲಿಲ್ಲ.

ಎಂಜಿನ್ ಬದಲಿಸಿದ ಗಾಡಿಯಲ್ಲಿ ಇದು ಯಾಕೆ ಜಾಸ್ತಿ? ಗುಜರಿಯಲ್ಲಿ ಎಂಜಿನ್ ಇಳಿಸುವವರಿಗೆ ಕನೆಕ್ಟರ್ ಬಿಚ್ಚುವ ತಾಳ್ಮೆ ಇರುವುದಿಲ್ಲ. ಕಟರ್ ಹಾಕಿ ವೈರಿಂಗ್ ಕತ್ತರಿಸಿಬಿಡುತ್ತಾರೆ. ಕೂರಿಸುವವರು ಕಲರ್ ನೋಡಿ ತಿರುಚಿ ಟೇಪ್ ಸುತ್ತುತ್ತಾರೆ. ನಿಂತಲ್ಲಿ ಸ್ಟಾರ್ಟ್ ಆಯಿತಾ, ಡೆಲಿವರಿ. ಆಮೇಲೆ ಘಾಟಿಯಲ್ಲಿ ಎಂಜಿನ್ ಮೌಂಟಿನ ಮೇಲೆ ತೂಗಾಡಿದಾಗಲೆಲ್ಲ ಆ ಗಂಟು ಎಳೆಯುತ್ತದೆ.

ನಾನೇನೂ ಹುಟ್ಟಾ ಜಾಣನಲ್ಲ. ಇಂಥದೇ ಒಂದು ಗಾಡಿಗೆ ನಾನೂ ಮೊದಲು ಸೆನ್ಸರ್ ಬದಲಿಸಿ ನಾಲ್ಕು ದಿನ ಹಾಳು ಮಾಡಿದ್ದೆ. ಕೊನೆಗೆ ಬ್ಯಾಟರಿ ಟ್ರೇ ಬಿಚ್ಚಿದರೆ ಅದರ ಕೆಳಗೆ, ಇಲಿ ನುಂಗಿದ ಹಾವಿನ ಹೊಟ್ಟೆಯ ಹಾಗೆ ಟೇಪ್ ಸುತ್ತಿದ ಉಬ್ಬು. ಬಿಚ್ಚಿದೆ. ಐದು ವೈರ್ ಸುಮ್ನೆ ತಿರುಚಿಟ್ಟಿದ್ದರು, ಒಂದು ತೊಟ್ಟು ಸೋಲ್ಡರ್ ಇಲ್ಲ. ಒಂದರ ತಾಮ್ರ ಪಾಚಿಯಂತೆ ಹಸಿರಾಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದೆ, ಕೈಗೇ ಬಂತು.

ನೀವು ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಫೋನಿನಲ್ಲಿ ಲೈವ್ ಡೇಟಾ ತೋರಿಸುವ ಬ್ಲೂಟೂತ್ ಡಾಂಗಲ್ ಒಂದನ್ನು ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಹಾಕಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಒಳಗಾಳಿಯ ಟೆಂಪರೇಚರ್ ಹೊರಗಿನ ಹವೆಯಷ್ಟೇ ಇರಬೇಕು. ರೈಲ್ ಪ್ರೆಷರ್ ಸೊನ್ನೆಯ ಹತ್ತಿರ ಇರಬೇಕು. ಬೂಸ್ಟ್ ಸೆನ್ಸರ್ ಬರೀ ವಾತಾವರಣದ ಒತ್ತಡ ತೋರಿಸಬೇಕು: ನಿಮ್ಮ ಹಾಸನದ ಎತ್ತರಕ್ಕೆ 90 ಕಿಲೋಪಾಸ್ಕಲ್ ಆಸುಪಾಸು. ಘಾಟಿ ಇಳಿದು ಮಂಗಳೂರಿನಲ್ಲಿ ನೋಡಿದರೆ ಅದೇ 101 ಆಗಿರುತ್ತದೆ, ಗಾಬರಿಯಾಗಬೇಡಿ.

ಈಗ ಮನೆಯವರೊಬ್ಬರ ಕೈಗೆ ಫೋನ್ ಕೊಟ್ಟು, ನೀವು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಹೋಗಿ. ಈ ಟೆಂಪರೇಚರ್ ಸೆನ್ಸರಿನಲ್ಲಿ ಸಿಗ್ನಲ್ ಜಾಸ್ತಿ ಅಂದರೆ ಚಳಿ ಜಾಸ್ತಿ ಎಂದು ಇಸಿಯು ಲೆಕ್ಕ ಹಾಕುತ್ತದೆ. ಟೆಂಪರೇಚರ್ ಇದ್ದಕ್ಕಿದ್ದಂತೆ ಮೈನಸ್ 40ಕ್ಕೆ ಹಾರಿತು ಅಂದರೆ ಕಳ್ಳ ನಿಮ್ಮ ಕೈಯಲ್ಲೇ ಇದ್ದಾನೆ. ಹಾಸನದಲ್ಲಿ ಡಿಸೆಂಬರಿನಲ್ಲೂ ಅಷ್ಟು ಚಳಿ ಬೀಳುವುದಿಲ್ಲ.

ಏನೂ ಸಿಗದಿದ್ದರೆ ಮಲ್ಟಿಮೀಟರ್ ಇರುವವರನ್ನು ಹಿಡಿಯಿರಿ. ಕೀ ಆನ್ ಇಟ್ಟು ಸೆನ್ಸರಿನ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಕಮ್ಮಿ ಬರಬೇಕು. ರಿಪೇರಿ ಮಾಡುವಾಗ ಕೆಲವರು 'ಬಾಡಿಗೇ ಅರ್ಥ್ ಕೊಟ್ಟುಬಿಡೋಣ ಸಾರ್' ಅನ್ನುತ್ತಾರೆ. ಒಪ್ಪಬೇಡಿ. ಸ್ಟಾರ್ಟರ್, ಫ್ಯಾನ್‌ಗಳ ಕರೆಂಟು ಓಡಾಡುವ ಜಾಗ ಅದು, ಸೆನ್ಸರಿನ ಲೆಕ್ಕ ತಪ್ಪುತ್ತದೆ. ಅದೇ ವೈರನ್ನು ಸೋಲ್ಡರ್ ಮಾಡಿಸಿ, ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಅಪ್ಪಿಕೊಳ್ಳುವ ಕೊಳವೆ) ಹಾಕಿಸಿ, ಸ್ವಲ್ಪ ಸಡಿಲ ಬಿಟ್ಟು ಕಟ್ಟಿಸಿ.

ಬಿಚ್ಚಿದ ಹಳೇ ಸೆನ್ಸರ್ ಎರಡನ್ನೂ ಮೆಕ್ಯಾನಿಕ್‌ನಿಂದ ಕೇಳಿ ಇಸಿದುಕೊಳ್ಳಿ. ಅವು ಬಹುಶಃ ಚೆನ್ನಾಗಿಯೇ ಇರುತ್ತವೆ.

ಪ್ರಶ್ನೆ: ಎಂಜಿನ್ ಬದಲಾದ ಡೀಸೆಲ್ ಕಾರೊಂದನ್ನು ನೋಡಿದ್ದೇನೆ. ಮಾರುವವರು ಸ್ಕ್ಯಾನರ್ ಹಾಕಿಸಿ 'ಒಂದೇ ಒಂದು ಕೋಡ್ ಇಲ್ಲ ನೋಡಿ' ಎಂದು ತೋರಿಸಿದರು. ನಂಬಬಹುದಾ?
– ಓದುಗರು, ಮಂಡ್ಯ

ಉತ್ತರ: ಕೋಡ್ ಅಳಿಸುವುದು ಒಂದು ಬಟನ್ನಿನ ಕೆಲಸ. ಅದೇ ಸ್ಕ್ಯಾನರಿನಲ್ಲಿ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಲೆಕ್ಕ ಇರುತ್ತದೆ, ಅದನ್ನು ತೆಗೆಸಿ ನೋಡಿ. 6 ಕಿಲೋಮೀಟರ್ ಎಂದಿದ್ದರೆ ನಿಮಗೆ ತೋರಿಸುವ ಸ್ವಲ್ಪ ಮೊದಲಷ್ಟೇ ಅಳಿಸಿದ್ದಾರೆ ಎಂದು ಅರ್ಥ. ಇನ್ನೊಂದು, ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಡ್ಯಾಶ್‌ಬೋರ್ಡಿನ ಮೀಟರ್ ಬಿಚ್ಚಿ ಯಾರೋ ಕೈಯಾಡಿಸಿರಬಹುದು.

ಕೋಡೇ ಬಾರದ ತೊಂದರೆಯೂ ಇದೆ. ಕಾಮನ್‌ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ತಲೆಯ ಮೇಲೆ ಅಕ್ಷರ, ಅಂಕಿ ಸೇರಿದ ಒಂದು ನಂಬರ್ ಕೆತ್ತಿರುತ್ತಾರೆ. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಎಂಬ ಅದರ ಜಾತಕ ಅದು. ಬೇರೆ ಎಂಜಿನ್ ಜೊತೆ ಅದರದೇ ಇಂಜೆಕ್ಟರ್ ಬಂದಿದ್ದರೆ ಹೊಸ ನಂಬರನ್ನು ಇಸಿಯುಗೆ ಬರೆಯಬೇಕು. ಎಷ್ಟೋ ಕಡೆ ಬರೆಯುವುದೇ ಇಲ್ಲ. ಹಾಗಾಗಿ ಗಾಡಿ ಪೂರ್ತಿ ತಣ್ಣಗಿರುವಾಗ ಹೋಗಿ, ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ನಡುಕ, ಟಕಟಕ ಸದ್ದು, ಹೊಗೆ ಕಂಡರೆ ಈ ನಂಬರ್ ಬರೆದಿದ್ದೀರಾ ಎಂದು ಕೇಳಿ. ನೀವು ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ ಗಾಡಿಯ ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತಿಲ್ಲ. 'ಆಮೇಲೆ ಮಾಡಿಸಿಕೊಳ್ಳಿ' ಎನ್ನುತ್ತಾರೆ.
– ಓದುಗರು, ಬಳ್ಳಾರಿ

ಉತ್ತರ: ಆಮೇಲೆ ಅಲ್ಲ, ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕು. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. ಅದು ಬದಲಿಸಿದ ಓನರ್ ಹೆಗಲ ಮೇಲಿನ ಕೆಲಸ. ನಾಳೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಸರ್ವೇಯರ್ ಈ ನಂಬರನ್ನೂ ತಾಳೆ ನೋಡುತ್ತಾನೆ. ಎಂಜಿನ್ ಕೊಂಡ ಬಿಲ್ ಕೇಳಿ. ಬಿಲ್ಲಿಲ್ಲದ ಎಂಜಿನ್ ಕಳವಿನ ಗಾಡಿಯದೂ ಆಗಿರಬಹುದು.

ಬ್ಲಾಕಿನ ಮೇಲಿನ ನಂಬರನ್ನು ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಟಾರ್ಚ್ ಬಿಟ್ಟು ನೀವೇ ಓದಿ, ಫೋಟೊ ತೆಗೆದುಕೊಳ್ಳಿ. ಅಲ್ಲಿ ಗ್ರೈಂಡರ್ ಉಜ್ಜಿದ ಗುರುತು ಕಂಡರೆ ಚೌಕಾಸಿಗೂ ನಿಲ್ಲಬೇಡಿ, ಗಾಡಿ ಅಲ್ಲೇ ಬಿಟ್ಟು ಬನ್ನಿ.