ಬೆನ್ನುಹುರಿ ದ್ರವದಲ್ಲಿ ಕಂಡ ನಾಲ್ಕು ಬ್ಯಾಂಡ್‌ಗಳ ಅರ್ಥ

ತಂಗಿಯ ಬೆನ್ನುಹುರಿ ದ್ರವದಲ್ಲಿ ನಾಲ್ಕು ಆಲಿಗೋಕ್ಲೋನಲ್ ಬ್ಯಾಂಡ್‌ಗಳಿವೆ, ರಕ್ತದಲ್ಲಿ ಒಂದೂ ಇಲ್ಲ ಎಂಬ ವರದಿಯಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಹಾನಿಗೊಳಿಸುವ ರೋಗ) ಖಚಿತವಾಯಿತೇ, ದ್ರವದ ಜೊತೆಗೆ ರಕ್ತವನ್ನೂ ಏಕೆ ತೆಗೆದರು ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಪ್ರಯೋಗಾಲಯದಲ್ಲಿ ದ್ರವವನ್ನೂ ರಕ್ತದ ಸೀರಮನ್ನೂ ಜೆಲ್‌ನ ಅಕ್ಕಪಕ್ಕದ ಸಾಲುಗಳಲ್ಲಿ ಹಾಕಿ ವಿದ್ಯುತ್ ಹರಿಸಿದಾಗ, ಐಜಿಜಿ ಎಂಬ ಬಗೆಯ ಪ್ರತಿಕಾಯಗಳು (ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನ್‌ಗಳು) ತಮ್ಮ ವಿದ್ಯುದಂಶಕ್ಕೆ ತಕ್ಕ ಜಾಗದಲ್ಲಿ ನಿಲ್ಲುತ್ತವೆ. ಸಾಮಾನ್ಯವಾಗಿ ಅವು ಮಸುಕಾಗಿ ಹರಡಿಕೊಂಡಿರುತ್ತವೆ. ಕೆಲವೇ ಜೀವಕೋಶಗಳ ಸಂತತಿ ಒಂದೇ ಬಗೆಯ ಪ್ರತಿಕಾಯವನ್ನು ಹೇರಳವಾಗಿ ತಯಾರಿಸುತ್ತಿದ್ದರೆ ಸ್ಪಷ್ಟವಾದ ಗೆರೆಗಳು ಎದ್ದು ಕಾಣುತ್ತವೆ; ಇವೇ ಆಲಿಗೋಕ್ಲೋನಲ್ ಬ್ಯಾಂಡ್‌ಗಳು. ಅವೇ ಗೆರೆಗಳು ರಕ್ತದ ಸಾಲಿನಲ್ಲೂ ಇದ್ದರೆ ಪ್ರತಿಕಾಯಗಳು ರಕ್ತದಿಂದ ದ್ರವಕ್ಕೆ ಬಂದಿವೆ ಎಂದರ್ಥ. ಎರಡು ಅಥವಾ ಹೆಚ್ಚು ಗೆರೆಗಳು ದ್ರವದಲ್ಲಷ್ಟೇ ಇದ್ದರೆ ಅವು ಕೇಂದ್ರ ನರವ್ಯೂಹದೊಳಗೇ ತಯಾರಾಗುತ್ತಿವೆ. ತಂಗಿಯ ಫಲಿತಾಂಶ ಈ ಎರಡನೆಯ ಬಗೆಯದು. ನಾಲ್ಕು ಎಂಬ ಎಣಿಕೆಯಿಂದ ರೋಗದ ತೀವ್ರತೆಯನ್ನು ಅಳೆಯಲು ಹೋಗಬೇಡಿ.

ಆದರೂ ಇದೊಂದರಿಂದಲೇ ರೋಗ ನಿರ್ಧಾರವಾಗದು, ಏಕೆಂದರೆ ನ್ಯೂರೋಸಿಫಿಲಿಸ್‌ನಂತಹ ಸೋಂಕುಗಳಲ್ಲೂ ಇಂಥ ಬ್ಯಾಂಡ್‌ಗಳು ಕಾಣುತ್ತವೆ; ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ಕೆಲವರಲ್ಲಿ ಇವು ಕಾಣದೆಯೂ ಇರಬಹುದು. ಇವುಗಳ ನಿಜವಾದ ಬೆಲೆ ಬೇರೆಡೆ ಇದೆ: ಲಕ್ಷಣಗಳು ಈ ರೋಗಕ್ಕೆ ಹೊಂದುವಂತಿದ್ದು, ಎಂಆರ್‌ಐಯಲ್ಲಿ ಕಲೆಗಳು ನರವ್ಯೂಹದ ಬೇರೆಬೇರೆ ಭಾಗಗಳಲ್ಲಿ ಕಂಡು, ಬೇರೆ ಕಾರಣಗಳು ತಳ್ಳಿಹೋಗಿದ್ದರೆ, ಈ ರೋಗದ ನಿರ್ಣಯಕ್ಕೆಂದು ರೂಪಿಸಿದ 2017ರ ಮೆಕ್‌ಡೊನಾಲ್ಡ್ ಮಾನದಂಡಗಳ ಪ್ರಕಾರ ಈ ಬ್ಯಾಂಡ್‌ಗಳ ಆಧಾರದ ಮೇಲೆ, ಲಕ್ಷಣಗಳ ಎರಡನೆಯ ದಾಳಿಗಾಗಿ ಕಾಯದೆ ರೋಗವನ್ನು ಖಚಿತಪಡಿಸಬಹುದು. ಚಿಕಿತ್ಸೆ ಬೇಗ ಆರಂಭವಾಗುವುದಕ್ಕೆ ಇದು ಬಹಳ ಮುಖ್ಯ. ಆದ್ದರಿಂದ ಕಲೆಗಳು ಎಲ್ಲೆಲ್ಲಿವೆ, ಯಾವ ಕಾಯಿಲೆಗಳನ್ನು ಈಗಾಗಲೇ ತಳ್ಳಿಹಾಕಲಾಗಿದೆ ಎಂಬುದನ್ನು ನರರೋಗ ತಜ್ಞರನ್ನು ದಯವಿಟ್ಟು ನೇರವಾಗಿ ಕೇಳಿ.