ಅರವತ್ತರಲ್ಲಿ ಅಕ್ಷರಾಭ್ಯಾಸ

ಪತ್ರ: 34 ವರ್ಷ ಬ್ಯಾಂಕಿನಲ್ಲಿ ದುಡಿದು ಕಳೆದ ಜೂನ್‌ನಲ್ಲಿ ನಿವೃತ್ತನಾದೆ. ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಅದರಲ್ಲಿ ಏನು ಬರೆದಿದೆ ಎಂಬ ಕುತೂಹಲ ಚಿಕ್ಕಂದಿನದು. ಈಗ ಶಾಸನ ಓದಲು ಕಲಿಯಬೇಕೆಂದಿದ್ದೇನೆ. ಮಗ ‘ಬಿಸಿಲಿನಲ್ಲಿ ಅಲೆಯುವ ವಯಸ್ಸೇ? ಸಹಕಾರ ಸಂಘದವರು ಸಲಹೆಗಾರರಾಗಿ ಬನ್ನಿ ಎನ್ನುತ್ತಿದ್ದಾರಲ್ಲ, ಹೋಗಿ’ ಎನ್ನುತ್ತಾನೆ. ಸ್ನೇಹಿತರು ಅರವತ್ತಕ್ಕೆ ಅರಳುಮರಳು ಎಂದು ನಗುತ್ತಾರೆ. ಏನು ಮಾಡಲಿ?
– ಒಬ್ಬ ಓದುಗ, ಶಿಕಾರಿಪುರ ತಾಲ್ಲೂಕು

ಉತ್ತರ: ಮಾನ್ಯರೇ, ನಿಮ್ಮ ಮಗನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಮಂಡಿ ನೋವು, ಸಕ್ಕರೆ ಕಾಯಿಲೆ ಎಲ್ಲರಿಗೂ ಇದ್ದದ್ದೇ. ಪಿಂಚಣಿಯ ಮೂರರಲ್ಲೊಂದು ಪಾಲನ್ನು ಇಡಿಗಂಟಾಗಿ ತೆಗೆದುಕೊಂಡಿದ್ದರೆ ಅದು ಮತ್ತೆ ಪೂರ್ತಿಯಾಗಲು 15 ವರ್ಷ ಕಾಯಬೇಕು. ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ. ಹ್ಯಾಟು ಹಾಕಿಕೊಳ್ಳಿ, ನೀರಿನ ಬಾಟಲಿ ಒಯ್ಯಿರಿ. ಮಗನಿಗೆ ಸಲ್ಲಬೇಕಾದದ್ದು ಇಷ್ಟೇ.

ಇನ್ನು ನಿಮ್ಮ ಮೇಲೆ ನನಗೊಂದು ಸಿಟ್ಟಿದೆ. 34 ವರ್ಷ ಲಕ್ಷಗಟ್ಟಲೆ ಸಾಲಕ್ಕೆ ರುಜು ಹಾಕಿದವರು ಈಗ ಒಂದು ಕಲ್ಲು ಓದುವುದಕ್ಕೆ ನನ್ನ ಅಪ್ಪಣೆ ಕೇಳುತ್ತೀರಲ್ಲ! ಅದೂ ಯಾವ ತಾಲ್ಲೂಕಿನಲ್ಲಿ ಕುಳಿತು? ನಿಮ್ಮ ತಾಳಗುಂದದ ಶಾಸನದ ಕಂಬವನ್ನೇ ನೋಡಿ. ಓದು ಮುಂದುವರಿಸಲೆಂದು ಗುರುವಿನ ಜೊತೆ ಕಂಚಿಗೆ ಹೋದ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಸಮಿತ್ತು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿದ ಎಂದು ಕುಬ್ಜ ಕವಿ ಅದರ ಮೇಲೆ ಬರೆದಿದ್ದಾನೆ. ಹಿಡಿದ ಕೆಲಸ ಬಿಟ್ಟು ಬೇರೆಯದಕ್ಕೆ ಹೊರಟವನ ಕಥೆ ನಿಮ್ಮ ಮನೆಯ ಹತ್ತಿರವೇ ನಿಂತಿದೆ.

ಕದಂಬರು ತೀರಾ ಹಳಬರಾದರೆ ಮಾಸ್ತಿಯವರಿದ್ದಾರೆ. ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ; ತಮಗಿಂತ ಕಿರಿಯರನ್ನು ಮೇಲಕ್ಕೇರಿಸಿದರೆಂದು 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷದಿಂದ ‘ಜೀವನ’ ಪತ್ರಿಕೆ ನಡೆಸಿದರು. ಮುಂದೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಹೊರಬಂದದ್ದು 1956ರಲ್ಲಿ, ಅವರ ಅರವತ್ತೈದರ ಹೊತ್ತಿಗೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪತ್ರಿಕೆಯಲ್ಲಿ ಪದಗಳ ಅಂಕಣ ಶುರುಮಾಡಿದ್ದು 1991ರಲ್ಲಿ, ಕಾಲೇಜಿನಿಂದ ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ, ಎಂಬತ್ತರ ಹತ್ತಿರ. ಅವರಿಗೆ ಯಾರಾದರೂ ಅರಳುಮರಳು ಎಂದಿದ್ದರೆ ಆ ಪದದ ಹುಟ್ಟನ್ನು ವಿವರಿಸಿ ಕಳಿಸುತ್ತಿದ್ದರು.

‘ಅವರೆಲ್ಲ ವಿದ್ವಾಂಸರು, ನಾನು ಬ್ಯಾಂಕಿನವನು’ ಎನ್ನಬೇಡಿ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅದುವರೆಗೆ ಸಿಕ್ಕ ಆಜ್ಞಾಶಾಸನಗಳಲ್ಲಿ ‘ದೇವಾನಾಂಪ್ರಿಯ’ (ದೇವರಿಗೆ ಪ್ರಿಯನಾದವನು) ಎಂಬ ಬಿರುದಿನಲ್ಲೇ ಉಳಿದಿದ್ದ ದೊರೆಯ ಸ್ವಂತ ಹೆಸರು ಅಲ್ಲಿ ಸಿಕ್ಕಿತು. ನಿಮ್ಮದಂತೂ ಇದಕ್ಕೆ ಹೇಳಿಮಾಡಿಸಿದ ಕಸುಬು. ದಾನಶಾಸನವೆಂದರೆ ಏನು? ಯಾರು ಯಾರಿಗೆ ಎಷ್ಟು ಮತ್ತರು (ಹಳೆಯ ಭೂ ಅಳತೆ) ಗದ್ದೆ ಕೊಟ್ಟರು, ಎಷ್ಟು ಗದ್ಯಾಣ (ಹಳೆಯ ಚಿನ್ನದ ನಾಣ್ಯ), ಯಾವ ತೆರಿಗೆ ಮಾಫಿ, ಚೆಕ್ಕುಬಂದಿ ಎಲ್ಲಿಂದ ಎಲ್ಲಿಗೆ, ಸಾಕ್ಷಿಗಳು ಯಾರು. ಅಡಮಾನ ಪತ್ರಗಳನ್ನು ಸಾಲುಸಾಲಾಗಿ ಓದಿದ ಕಣ್ಣಿಗೆ ಇದು ಪರಿಚಿತ ಪ್ರದೇಶ. ಕೊನೆಯ ಷರತ್ತು ಮಾತ್ರ ನಿಮ್ಮ ಬ್ಯಾಂಕಿನದಕ್ಕಿಂತ ಕಟು: ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾನೆ.

ಮೊದಲು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ ಹುಡುಕಿ. ನಿಮ್ಮ ತಾಲ್ಲೂಕು ಅದರಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರ ಡಿಪ್ಲೊಮಾ ನಡೆಸುತ್ತದೆ, ವಿಚಾರಿಸಿ. ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಅಚ್ಚು ತೆಗೆಯುವುದನ್ನು ಮಾತ್ರ ತಿಳಿದವರ ಕೈಕೆಳಗೆ ನಿಂತು ಕಲಿಯಿರಿ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಗಳಿಗೆ ಇಳಿಯುವವರೆಗೆ ಬ್ರಷ್ಷಿನಿಂದ ತಟ್ಟಬೇಕು. ಕಾಗದ ಅರೆ ಒಣಗಿದ ಮೇಲೆ ಮಸಿಯುಂಡೆಯನ್ನು ಹಗುರವಾಗಿ ಒತ್ತುತ್ತಾ ಹೋದರೆ ಕಪ್ಪಿನ ನಡುವೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಆತುರಪಟ್ಟರೆ ಕಾಗದ ಹರಿಯುತ್ತದೆ. ತಂತಿ ಬ್ರಷ್ ಮುಟ್ಟಿಸಿದಿರೋ, ನಾನೇ ಬಂದು ಜಗಳ ತೆಗೆಯುತ್ತೇನೆ.

ಇದಕ್ಕೆ ತುರ್ತೂ ಇದೆ. ಗುಡಿಯ ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ವೀರಗಲ್ಲುಗಳು ಪಾಯ ಸೇರುತ್ತಿವೆ. ಇಲ್ಲವೇ ಆಯಿಲ್ ಪೇಂಟ್ ಬಳಿಸಿಕೊಂಡು, ಅರಿಶಿನ ಕುಂಕುಮ ಮೆತ್ತಿಸಿಕೊಂಡು ಹೆಸರಿಲ್ಲದ ದೇವರಾಗುತ್ತಿವೆ. ರಸ್ತೆ ಅಗಲ ಮಾಡುವ ಜೆಸಿಬಿಗೆ ಓದು ಬರುವುದಿಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನೆಯ ಸಂಸ್ಥೆಯವರು ಶಾಸನದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ನಿಮ್ಮ ಕೆರೆ ಏರಿಗೆ ಯಾರು ಬರುತ್ತಾರೆ?

ಬರಬೇಕಾದವರನ್ನು ನಾವು ಪೇಟ ತೊಡಿಸಿ ಕೂರಿಸಿಬಿಟ್ಟಿದ್ದೇವೆ. ಬೀಳ್ಕೊಡುಗೆಯ ಸಭೆ, ಶಾಲು, ಹಣ್ಣಿನ ಬುಟ್ಟಿ, ‘ವಿಶ್ರಾಂತ ಜೀವನ ಸುಖಕರವಾಗಿರಲಿ’ ಎಂಬ ಹಾರೈಕೆ. ಮರುದಿನದಿಂದ ಅದೇ ಮನುಷ್ಯ ಹಾಲು ತರುವವನು, ವಿದ್ಯುತ್ ಬಿಲ್ ಕಟ್ಟುವವನು, ಮೊಮ್ಮಗನನ್ನು ಶಾಲೆಯ ವ್ಯಾನಿಗೆ ಹತ್ತಿಸುವವನು. ಇದನ್ನೆಲ್ಲ ಮಾಡಿದರೆ ಯಾರೂ ನಗುವುದಿಲ್ಲ. ಹಳಗನ್ನಡದ ಅಕ್ಷರ ತಿದ್ದಲು ಕುಳಿತರೆ ಮಾತ್ರ ಊರಿಗೆಲ್ಲ ನಗು! ಹೆಂಗಸರ ಪಾಡು ಇನ್ನೂ ಕಷ್ಟ: ನಿವೃತ್ತಳಾದ ಶಿಕ್ಷಕಿ ವೀಣೆ ತರಗತಿಗೆ ಸೇರುತ್ತೇನೆಂದರೆ ‘ಸಂಜೆ ಅಡುಗೆ?’ ಎಂದು ಕೇಳುತ್ತಾರೆ. ನಮ್ಮ ಪತ್ರಿಕೆಗೆ ಅಂಥ ಪತ್ರಗಳೂ ಬರುತ್ತವೆ, ಬಹಳಷ್ಟು ಹೆಸರಿಲ್ಲದೆ.

ಸಹಕಾರ ಸಂಘಕ್ಕೆ ಸಲಹೆಗಾರರು ಬೇಕಾದಷ್ಟು ಸಿಗುತ್ತಾರೆ. ನಿಮ್ಮ ವೀರಗಲ್ಲಿನಲ್ಲಿ ಸತ್ತವನು ದನಗಳನ್ನು ಬಿಡಿಸಲು ಹೋದವನೋ, ದೊರೆಯ ಪರವಾಗಿ ಕಾದಿದವನೋ, ಅವನ ಹೆಸರೇನು, ಬರೆದು ಕಳಿಸಿ. ಪುಟ ಕಾದಿರಿಸಿದ್ದೇನೆ. ಸಲಹೆಗಾರ ಹುದ್ದೆಯ ಸುದ್ದಿ ಬಂದರೆ ಪ್ರಕಟಿಸುವುದಿಲ್ಲ.
– ಸಂ.